ನೀಲಕಂಠಸ್ವಾಮಿಯ ಮಗಳ ಪಿಸ್ತೂಲು

ಮೂವತ್ತು ವರ್ಷದಿಂದ ಮನೆಯಲ್ಲಿ ಕೋವಿ ಇಟ್ಟುಕೊಂಡಿದ್ದರೂ ನೀಲಕಂಠಸ್ವಾಮಿ ಒಂದೇ ಒಂದು ಹಂದಿಯನ್ನು ಕೊಂದವನಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಕೊಲ್ಲುವ ಮಾತೇ ಬರುವುದಿಲ್ಲ. ಅಂತರಸಂತೆಯಿಂದ ಕಾಡಿನ ಕಡೆಗೆ ಎರಡು ಮೈಲಿ ಹೋದರೆ ಅವನ ಹೊಲ. ಅಲ್ಲಿಗೆ ಆನೆಯೂ ಬರುತ್ತದೆ, ಹಂದಿಯೂ ಬರುತ್ತದೆ. ಬಂದಾಗ ಅವನು ನಳಿಗೆಗೆ ಮದ್ದು ಜಡಿದು, ಆಕಾಶಕ್ಕೆ ಎತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಒಮ್ಮೆ ಢಮ್ ಎನಿಸುತ್ತಿದ್ದ. ಆನೆಗಳಿಗೆ ಆ ಸದ್ದು ಎಷ್ಟು ಅಭ್ಯಾಸವಾಗಿತ್ತೆಂದರೆ, ಈಚೀಚೆಗೆ ಅವು ಬಾಳೆಯ ಕಂದು ಮುಗಿಸಿಯೇ ನಿಧಾನವಾಗಿ ಹೊರಡುತ್ತಿದ್ದವು.

ಆದರೆ ಕೋವಿ ಶುಚಿ ಮಾಡುವುದರಲ್ಲಿ ಅವನನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ. ಕುದಿಯುವ ನೀರು ಹೊಯ್ದು ಮದ್ದಿನ ಕರಿ ಬಿಡಿಸುವುದು, ಹಳೆಯ ಪಂಚೆಯ ಚೂರನ್ನು ದಾರಕ್ಕೆ ಕಟ್ಟಿ ನಳಿಗೆಯೊಳಗೆ ಎಳೆಯುವುದು, ಕೊನೆಗೆ ಕೊಬ್ಬರಿ ಎಣ್ಣೆ ಸವರುವುದು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ತಿಂಗಳುಗಟ್ಟಲೆ ಅವು ಅಲ್ಲಿಯ ತಣ್ಣನೆಯ ಕೋಣೆಯಲ್ಲಿ ಬಿದ್ದಿರುತ್ತವೆ. ಹಾಗೆ ಒಪ್ಪಿಸುವ ಮುನ್ನ ನಾಲ್ಕು ಊರಿನವರು ತಮ್ಮ ಕೋವಿಗಳನ್ನು ಇವನ ಜಗಲಿಗೆ ತಂದು ಒರಗಿಸುತ್ತಿದ್ದರು. ಇವನು ಎಣ್ಣೆ ಹಾಕಿ ಕೊಟ್ಟ ಕೋವಿಗೆ ತುಕ್ಕು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹೊಗಳಿಕೆಯನ್ನು ಮಾತ್ರ ಒಂದು ಹನಿಯೂ ಚೆಲ್ಲದ ಹಾಗೆ ತೆಗೆದುಕೊಳ್ಳುತ್ತಿದ್ದ.

ಇಂಥವನಿಗೆ ಶಾಂಭವಿ ಒಬ್ಬಳೇ ಮಗಳು. ತಾಲ್ಲೂಕು ಕೇಂದ್ರವಾದ ಕೋಟೆಯ ಕಾಲೇಜಿನಲ್ಲಿ ಓದುವಾಗ ಎನ್‌ಸಿಸಿ ಕ್ಯಾಂಪಿಗೆ ಹೋಗಿ, ಅಲ್ಲಿ ಮೊದಲ ಸಲ ರೈಫಲ್ ಹಿಡಿದು, ಐದಕ್ಕೆ ಐದು ಗುಂಡನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹೊಡೆದುಬಿಟ್ಟಳು. ನೋಡುತ್ತಿದ್ದವರಲ್ಲಿ ಕಾಂತರಾಜು ಎಂಬ ನಿವೃತ್ತ ಸುಬೇದಾರ ಇದ್ದರು. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದವರು. ಹುಣಸೂರಿನ ಹೊರಗೆ, ಮುಚ್ಚಿಹೋದ ಹೊಗೆಸೊಪ್ಪಿನ ಗೋದಾಮಿನ ಹಿಂದೆ ಒಂದು ಸಣ್ಣ ಶೂಟಿಂಗ್ ಕ್ಲಬ್ಬು ನಡೆಸುತ್ತಿದ್ದರು. ಹುಡುಗಿಯ ಕೈ ನೋಡಿ, “ರೈಫಲ್ ಬುಡಮ್ಮ, ನಿನ್ ಕೈ ಪಿಸ್ತೂಲಿನ್ ಕೈ” ಅಂದರು. ಕ್ಲಬ್ಬಿನ ಪಿಸ್ತೂಲಿನಲ್ಲಿ ಕಲಿಸಿದರು. ಆದರೆ ಅದಕ್ಕೆ ಆರು ಜನ ಸರದಿ ನಿಲ್ಲುತ್ತಿದ್ದರು. ಎರಡು ಬಸ್ಸು ಹತ್ತಿ ಹೋದ ಶಾಂಭವಿಗೆ ದಿನಕ್ಕೆ ಇಪ್ಪತ್ತು ಗುಂಡು ಸಿಕ್ಕರೆ ಹೆಚ್ಚು. ಸ್ವಂತದ್ದೊಂದು ಬೇಕು ಅಂತಾಯಿತು.

ಕ್ರೀಡೆಯ ಲೆಕ್ಕದಲ್ಲಿ ಅವಳ ಹೆಸರಿಗೆ ಲೈಸೆನ್ಸು ಬರುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿತ್ತು. ಆ ಕಾಗದ ಹಿಡಿದುಕೊಂಡು ಅಪ್ಪ ಮಗಳು ಚನ್ನಬಸವಣ್ಣ ಎಂಬವರ ಕೋವಿ ಅಂಗಡಿಗೆ ಹೋದರು. ಆ ವರ್ಷ ಕೇರಳದವರಿಗೆ ಶುಂಠಿ ಬೆಳೆಯಲು ಗದ್ದೆ ಕೊಟ್ಟಿದ್ದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿತ್ತು. ಹೊರದೇಶದ ಹೊಸ ಪಿಸ್ತೂಲಿನ ಬೆಲೆ ಕೇಳಿದ ನೀಲಕಂಠಸ್ವಾಮಿ, ಟ್ರ್ಯಾಕ್ಟರಿನ ಬೆಲೆ ಹೇಳುತ್ತಿದ್ದಾರೇನೋ ಎಂದು ಇನ್ನೊಮ್ಮೆ ಕೇಳಿದ. ಚನ್ನಬಸವಣ್ಣ ನಕ್ಕು ಅದನ್ನು ಒಳಗಿಟ್ಟರು.

ಉಳಿದದ್ದು ಎರಡು. ಒಂದು, ನಮ್ಮ ದೇಶದಲ್ಲೇ ಮಾಡಿದ ಹೊಚ್ಚ ಹೊಸ ರಿವಾಲ್ವರು. ಕನ್ನಡಿಯಂತೆ ಹೊಳೆಯುತ್ತಿತ್ತು, ಕಾಗದದ ಮಡಿಕೆಯಿಂದ ಆಗಷ್ಟೇ ಬಿಚ್ಚಿದ್ದು. ಇನ್ನೊಂದು, ಮೈಸೂರಿನ ವಯಸ್ಸಾದ ಶೂಟರೊಬ್ಬರು ಮಾರಾಟಕ್ಕಿಟ್ಟ ಹಳೆಯ ಜರ್ಮನ್ ಪಿಸ್ತೂಲು. ಬಣ್ಣ ಹೋಗಿತ್ತು. ಮರದ ಹಿಡಿಕೆ ಇನ್ನೊಬ್ಬರ ಬೆವರು ಕುಡಿದು ಕಪ್ಪಾಗಿತ್ತು. ಎರಡಕ್ಕೂ ಪಾಯಿಂಟ್ ಟೂ ಟೂ ಗುಂಡೇ. ಚಿಕ್ಕ ಗುಂಡು, ಬೆಲೆಯೂ ಕಡಿಮೆ. ದೊಡ್ಡ ಪಿಸ್ತೂಲಿನ ಒಂದು ಗುಂಡಿನ ಖರ್ಚಿನಲ್ಲಿ ಇದರ ನಾಲ್ಕೈದು ಹೊಡೆಯಬಹುದು. ದಿನಕ್ಕೆ ನೂರು ಗುಂಡು ಹೊಡೆದು ಕೈ ಪಳಗಿಸಬೇಕಾದ ಮನೆಗೆ ಇದೇ ಸರಿ ಎಂದು ಸುಬೇದಾರರು ಮೊದಲೇ ಹೇಳಿ ಕಳಿಸಿದ್ದರು.

“ಹೊಸದ್ನ ಬುಟ್ಟು ಯಾರೋ ತೇಯ್ದ್ ಬುಟ್ಟಿರೋದ್ನ ತಗೊತಾರೇನವ್ವ?” ಎಂದ ನೀಲಕಂಠಸ್ವಾಮಿ.

ಶಾಂಭವಿ ರಿವಾಲ್ವರನ್ನು ಎತ್ತಿ, ಗೋಡೆಯ ಕ್ಯಾಲೆಂಡರಿನ ಒಂದು ತಾರೀಕಿಗೆ ಗುರಿ ಹಿಡಿದು, ಗುಂಡಿಲ್ಲದೆಯೇ ಟ್ರಿಗರಿನ ಕುದುರೆ ಎಳೆದಳು. ತುದಿ ಅಲುಗಿತು. “ನೋಡಪ್ಪ, ಕುದುರೆ ಎಷ್ಟು ಗಟ್ಟಿ ಐತೆ. ಎಳೆಯೋವಾಗ್ಲೇ ಕೈ ಓಡೋಗ್ತದೆ. ಇದು ಕಳ್ಳ ಬಂದ್ರೆ ಹೊಡಿಯೋಕೆ.” ಆಮೇಲೆ ಹಳೆಯದನ್ನು ಎತ್ತಿಕೊಂಡಳು. ಅದೇ ತಾರೀಕು, ಅದೇ ಕೈ. ಕುದುರೆ ಬಿದ್ದ ಸಣ್ಣ ಸದ್ದು ಕೇಳಿತೇ ಹೊರತು ತುದಿ ಕೂದಲೆಳೆಯಷ್ಟೂ ಕದಲಲಿಲ್ಲ. “ಇದು” ಅಂದಳು. ಮಗಳು ಹಾಗೆ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಪಿಸ್ತೂಲು ನೋಡಿ ಸುಬೇದಾರ ಕಾಂತರಾಜು ಖುಷಿಪಟ್ಟರು. ಅವಳ ಅಂಗೈ ಅಳತೆಗೆ ಹಿಡಿಕೆಯನ್ನು ತಾವೇ ಕೂತು ಅರ ಹಾಕಿ ತೇಯ್ದರು. ಜೊತೆಗೆ ಒಂದು ಕಟ್ಟಪ್ಪಣೆಯನ್ನೂ ಹೊರಡಿಸಿದರು. ಪಿಸ್ತೂಲು ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಶಾಂಭವಿಯ ಮೈಮೇಲೆ. ಅಪ್ಪ ಇರಲಿ, ಅಮ್ಮ ಇರಲಿ, ಬೇರೆ ಕೈ ಅದನ್ನು ಮುಟ್ಟಕೂಡದು. ಶುಚಿ ಮಾಡುವುದು ಕ್ಲಬ್ಬಿನಲ್ಲಿ, ಅವರ ಕಣ್ಣೆದುರಿಗೆ, ಅವರು ಕೊಟ್ಟ ಎಣ್ಣೆಯಲ್ಲಿ. “ಈ ಗುಂಡು ಸಿಡಿಯೋದು ತಳದ ಅಂಚಿಗೆ ಪಿನ್ನು ಬಡಿದ್ರೆ ಕಣಮ್ಮ. ಏಟು ಗಟ್ಟಿಯಾಗಿ ಬಿದ್ರೆ ಸಿಡೀತದೆ. ಮೆತ್ತಗೆ ಬಿದ್ರೆ ಸುಮ್ನೆ ಕೂತಿರ್ತದೆ. ಪಿನ್ನು ಓಡಾಡೋ ದಾರಿ ಮಾತ್ರ ಯಾವಾಗ್ಲೂ ಕ್ಲೀನಾಗಿರ್ಬೇಕು” ಎಂದರು. ನೀಲಕಂಠಸ್ವಾಮಿಯೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ. ಇದನ್ನೆಲ್ಲ ನನಗೆ ಹೇಳಿಕೊಡುವುದೇ ಎಂಬ ಬಿಗುಮಾನದಿಂದ ಆಡಿಸಿದ ತಲೆ ಅದು. ಕಿವಿಯೊಳಗೆ ಏನೂ ಇಳಿದಿರಲಿಲ್ಲ.

ಮುಂದಿನ ಹತ್ತು ತಿಂಗಳು ಶಾಂಭವಿ ಬೇರೆ ಲೋಕದಲ್ಲಿದ್ದಳು. ಬೆಳಗಿನ ಮೊದಲ ಬಸ್ಸು, ಕೋಟೆಯಲ್ಲಿ ಇಳಿದು ಇನ್ನೊಂದು, ಹುಣಸೂರಿನಲ್ಲಿ ನೂರು ಗುಂಡು, ಮಧ್ಯಾಹ್ನ ಕಾಲೇಜು. ಜನವರಿಯಲ್ಲಿ ಅದೇ ಕ್ಲಬ್ಬಿನಲ್ಲಿ ವಲಯದ ಸ್ಪರ್ಧೆ ನಿಗದಿಯಾಗಿತ್ತು. ಆರುನೂರಕ್ಕೆ ಐನೂರೈವತ್ತು ಬಂದರೆ ರಾಜ್ಯದ ಕಿರಿಯರ ತಂಡದ ಆಯ್ಕೆಗೆ ಕರೆಯುತ್ತಾರೆ. ಅವಳು ಕಿರಿಯರ ಪಟ್ಟಿಯಲ್ಲಿರುವುದಕ್ಕೆ ಅದೇ ಕೊನೆಯ ವರ್ಷ. ಡಿಸೆಂಬರಿನಲ್ಲಿ ಅಭ್ಯಾಸದಲ್ಲಿ ಐನೂರೈವತ್ತೆಂಟು ಬಂತು, ಮರುವಾರ ಐನೂರ ಅರವತ್ತೊಂದು. ಅವಳ ತಾಯಿ ನೀಲಾಂಬಿಕೆ ಈ ಅಂಕಗಳನ್ನು ನೆರೆಮನೆಯವರಿಗೆ ಹಾಲಿನ ಡೈರಿಯ ಫ್ಯಾಟಿನ ಲೆಕ್ಕದ ಹಾಗೆ ಒಪ್ಪಿಸುತ್ತಿದ್ದಳು.

ಸ್ಪರ್ಧೆಯ ಹಿಂದಿನ ದಿನ ಸಂಜೆ ಶಾಂಭವಿ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಕೊರಳ ದಾರದಲ್ಲಿದ್ದ ಬೀಗದ ಕೈಯನ್ನು ಬಿಚ್ಚಿ ದೇವರ ಗೂಡಿನ ವಿಭೂತಿ ತಟ್ಟೆಯಲ್ಲಿ ಇಟ್ಟಿದ್ದಳು. ಪೂಜೆಗೆ ಕೂತ ನೀಲಕಂಠಸ್ವಾಮಿಗೆ ಅದು ಕಂಡಿತು.

ಇಲ್ಲಿ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಬೈದು ಮುಗಿಸಬಹುದಿತ್ತು. ಊರ ಕೋವಿಗಳಿಗೆಲ್ಲ ಆರೈಕೆ ಮಾಡುವ ನಾನು ನನ್ನ ಮಗಳ ಪಿಸ್ತೂಲನ್ನು ಒಂದು ದಿನವೂ ಮುಟ್ಟಲಿಲ್ಲವಲ್ಲ ಎಂಬ ಸಂಕಟ ಹತ್ತು ತಿಂಗಳಿಂದ ಅವನನ್ನು ಕೊರೆಯುತ್ತಿತ್ತು. ನಾಳೆ ದೊಡ್ಡ ದಿನ. ಹುಡುಗಿ ದಣಿದಿದ್ದಾಳೆ. ಅವಳಿಗೆ ಗೊತ್ತಾಗದ ಹಾಗೆ ಚೂರು ಶುಚಿ ಮಾಡಿಟ್ಟರೆ ಏನಾದೀತು? ಪೆಟ್ಟಿಗೆ ತೆಗೆದ. ಗುಂಡಿಲ್ಲವೆಂದು ಎರಡು ಸಲ ನೋಡಿಕೊಂಡ, ಅಷ್ಟು ಎಚ್ಚರ ಅವನಿಗಿತ್ತು. ಒಳಗೆ ಸುಬೇದಾರರ ಎಣ್ಣೆಯ ತೆಳು ಪಸೆ ಇತ್ತು. ಅವನ ಕಣ್ಣಿಗೆ ಅದು ಒಣಗಿದ ಹಾಗೆ ಕಾಣಿಸಿತು.

ಕೊಬ್ಬರಿ ಎಣ್ಣೆಯ ಬಾಟಲಿ ತಂದರೆ, ಜನವರಿಯ ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಬಾಟಲಿಯನ್ನು ಹಂಡೆಯ ಒಲೆಯ ಮುಂದೆ ಹಿಡಿದು ಕರಗಿಸಿದ. ಕರಗಿಸಿದ ಕೈಗೆ, ಬಾಟಲಿಯೊಳಗೆ ಹೆಪ್ಪುಗಟ್ಟಿದ್ದು ಪಿಸ್ತೂಲಿನೊಳಗೂ ಹೆಪ್ಪುಗಟ್ಟೀತು ಎಂದು ಹೊಳೆಯಲಿಲ್ಲ. ಅವನ ಕೋವಿಯ ಕುದುರೆ ಸುತ್ತಿಗೆಯಷ್ಟು ದಪ್ಪ. ಬೆಣ್ಣೆಯಲ್ಲಿ ಹೂತಿಟ್ಟರೂ ಬಡಿಯುವಂಥದ್ದು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ಕೈಕೊಟ್ಟಿರಲಿಲ್ಲ. ತೂತು ಕಂಡ ಕಡೆಯಲ್ಲೆಲ್ಲ ಎರಡೆರಡು ಹನಿ ಬಿಟ್ಟ. ಹೊರಮೈಯನ್ನು ಮಲ್ಲು ಪಂಚೆಯಲ್ಲಿ ತಿಕ್ಕಿ ಥಳಥಳ ಮಾಡಿದ. ಬೀಗ ಹಾಕಿ, ಬೀಗದ ಕೈಯನ್ನು ವಿಭೂತಿ ತಟ್ಟೆಗೆ ಮರಳಿಸಿ, ಮತ್ತೆ ಪೂಜೆಗೆ ಕೂತ. ಅವತ್ತಿನ ಪೂಜೆಯಲ್ಲಿ ಅವನಿಗೆ ಬಹಳ ನೆಮ್ಮದಿ ಸಿಕ್ಕಿತು.

ಬೆಳಿಗ್ಗೆ ಹುಣಸೂರಿನಲ್ಲಿ ಮಂಜು ಇನ್ನೂ ಹೊಲಗಳ ಮೇಲೆಯೇ ಇತ್ತು. ಗಾಜಿನ ಹಿಂದೆ ನೋಡುವವರಿಗೆ ಹಾಕಿದ್ದ ಬೆಂಚಿನ ತುದಿಯಲ್ಲಿ ನೀಲಕಂಠಸ್ವಾಮಿ ಕೂತಿದ್ದ. ಶಾಂಭವಿ ತೋಳು ನೀಡಿದಳು. ಒಂದನೆಯ ಗುಂಡು, ಎರಡನೆಯ ಗುಂಡು. ಮೂರನೆಯದಕ್ಕೆ ಸಿಡಿತ ಕೇಳಲಿಲ್ಲ. ಅವಳು ಎಡಗೈ ಮೇಲೆತ್ತಿದಳು. ತೀರ್ಪುಗಾರರು ಬಂದು ನೋಡಿ, ಐದು ಗುಂಡಿನ ಆ ಸುತ್ತನ್ನು ಮತ್ತೆ ಹೊಡೆಯಲು ಬಿಟ್ಟರು. ನಿಯಮದಲ್ಲಿ ಅಂಥ ಅವಕಾಶ ಸ್ಪರ್ಧೆಯ ಪ್ರತಿ ಅರ್ಧಕ್ಕೆ ಒಂದೇ ಸಲ. ಮುಂದಿನ ಸುತ್ತಿನಲ್ಲಿ ಎರಡನೆಯ ಗುಂಡಿಗೇ ಮತ್ತೆ ನಿಂತಿತು. ಆ ಸುತ್ತಿನಲ್ಲಿ ಉಳಿದ ಗುಂಡುಗಳೆಲ್ಲ ಸೊನ್ನೆ.

ನೀಲಕಂಠಸ್ವಾಮಿ ಬೆಂಚಿನಿಂದ ಎದ್ದ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ. ಪಕ್ಕದವರು “ಕೂತ್ಕೊಳ್ಳಿ ಯಜಮಾನ್ರೇ, ಕಾಣ್ಸಲ್ಲ” ಅಂದರು. ಕೂತ. ಕೈ ಮೂಗಿನ ಹತ್ತಿರ ಹೋದಾಗ ನಿನ್ನೆಯ ಎಣ್ಣೆಯ ವಾಸನೆ ಇನ್ನೂ ಬೆರಳಲ್ಲಿತ್ತು. ಆಗ ಗೊತ್ತಾಯಿತು. ಓಡಿಹೋಗಿ ನಿಲ್ಲಿಸಿ ಎಂದು ಕೂಗಲೇ ಅನ್ನಿಸಿತು. ಕೂಗಲಿಲ್ಲ. ಅಲ್ಲಿ ಅಷ್ಟು ಜನ ಇದ್ದರು, ನಾಲ್ಕು ಊರಿನ ಕೋವಿ ನೋಡಿಕೊಳ್ಳುವವನು ತಾನು. ಕೂಗದೇ ಕೂತ ಆ ಒಂದು ಗಳಿಗೆಯನ್ನು ಅವನು ಮುಂದೆ ತನ್ನ ಯಾವ ತಪ್ಪಿಗಿಂತಲೂ ಹೆಚ್ಚಾಗಿ ಶಪಿಸಿಕೊಂಡ.

ಬಿಸಿಲೇರಿತು, ನಳಿಗೆ ಬಿಸಿಯಾಯಿತು, ಎಣ್ಣೆ ಕರಗಿತು. ಕೊನೆಯ ನಾಲ್ಕು ಸುತ್ತಿನಲ್ಲಿ ಶಾಂಭವಿ ಆ ದಿನ ಯಾರೂ ಹೊಡೆಯದ ಹಾಗೆ ಹೊಡೆದಳು. ಒಟ್ಟು ಐನೂರ ಹನ್ನೊಂದು. ಗಾಜಿನಾಚೆ ಸುಬೇದಾರರು ಪಿಸ್ತೂಲನ್ನು ಬಿಚ್ಚಿ, ಪಿನ್ನನ್ನು ಮೂಗಿಗೆ ಹಿಡಿದು, ಏನೋ ಕೇಳಿದ್ದು ಕಾಣಿಸಿತು. ಶಾಂಭವಿ ತಲೆ ತಗ್ಗಿಸಿ ಏನೋ ಹೇಳಿದಳು. ಸುಬೇದಾರರು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿಗೆ ಬಿಸಾಡಿ ಹೊರಟುಹೋದರು. ಗಾಜು ದಪ್ಪವಾಗಿತ್ತು. ಮಾತು ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅಮ್ಮನಿಗೆ ಹೇಳಿದ್ದು ಇಷ್ಟೇ: “ಪಿಸ್ತೂಲು ಕೈಕೊಡ್ತಮ್ಮ. ಒಂದು ವರ್ಷ ಕ್ಲಬ್ಬಿಗೆ ಬರ್ಬೇಡ ಅಂದವ್ರೆ.” ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಅಪ್ಪನ ಕಡೆ ನೋಡಲಿಲ್ಲ ಎನ್ನುವ ಹಾಗೂ ಇಲ್ಲ. ನೋಡಿದಳು, ಊಟಕ್ಕೆ ಕರೆದಳು, ಮಜ್ಜಿಗೆ ಬಡಿಸಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮುಂದಿನ ಎರಡು ವಾರ ಹಂದಿ ಬಂದರೂ ಕೋವಿ ಮುಟ್ಟದೆ ತಟ್ಟೆ ಬಡಿದು ಓಡಿಸಿದ. ಹೇಳಬೇಕು, ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಅವಳು ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು.

ಕೊನೆಗೆ ಒಂದು ಸೋಮವಾರ, ಕ್ಲಬ್ಬಿನ ಸದಸ್ಯತ್ವದ ಕಾರ್ಡು ಹಿಂತಿರುಗಿಸಲು ಹೊರಟ ಮಗಳ ಜೊತೆ ತಾನೂ ಹೊರಟ. ಅವಳು ಬೇಡವೆಂದಳು. ಅವನು ಕೇಳಲಿಲ್ಲ. ಹುಣಸೂರಿನಲ್ಲಿ ಅವಳು ಕಾರ್ಡು ಕೊಟ್ಟು ಹೊರಗೆ ಬಂದಾಗ, “ನೀನು ಬಸ್ ಸ್ಟಾಂಡ್ಗೆ ನಡೀತಿರವ್ವ, ಬಂದೆ” ಎಂದು ಒಳಗೆ ನುಗ್ಗಿದ.

“ಸುಬೇದಾರ್ರೇ, ಆ ಎಣ್ಣೆ ಹಾಕ್ದೋನು ನಾನು. ನಮ್ಮ ಮಗೀಗೆ ಗೊತ್ತೇ ಇಲ್ಲ. ಬೀಗದ್ ಕೈ ತಗುದು ನಾನೇ ಹಾಕ್ದೆ. ಸಿಕ್ಸೆ ಏನಿದ್ರೂ ನಂಗೆ ಕೊಡಿ, ಅವಳ್ನ ಸೇರುಸ್ಕಳಿ” ಎಂದು ಒಂದೇ ಉಸಿರಿಗೆ ಹೇಳಿ, ಮೇಜಿನ ಅಂಚನ್ನು ಹಿಡಿದುಕೊಂಡ.

ಕಾಂತರಾಜು ಎದ್ದು ಬಾಗಿಲು ಮುಚ್ಚಿ ಬಂದರು. “ಇದ್ನ ಬೇರೆ ಯಾರ್ಗಾರ ಏಳಿದ್ದೀರಾ?”

“ಇಲ್ಲ.”

“ಏಳ್ಬೇಡಿ.” ಮೇಜಿನ ಒಳಗಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಶಾಂಭವಿಯ ದುಂಡು ಅಕ್ಷರ. ಪಿಸ್ತೂಲಿಗೆ ಕೊಬ್ಬರಿ ಎಣ್ಣೆ ಹಾಕಿದ್ದು ನಾನೇ, ತಿಳಿಯದೆ ಮಾಡಿದ ತಪ್ಪು ಎಂದು ಬರೆದು ಸಹಿ ಮಾಡಿದ್ದಳು. ನೀಲಕಂಠಸ್ವಾಮಿ ಅದನ್ನು ಮೂರು ಸಲ ಓದಿದ.

“ಪಿನ್ನು ಮೂಸಿ ನೋಡ್ದಾಗ್ಲೇ ನಂಗೂ ಅನುಮಾನ ಬಂತು ಸ್ವಾಮಿಯೋರೇ. ಅವಳು ಅಂಥ ದಡ್ಡಿ ಅಲ್ಲ. ಆದ್ರೆ ಅವಳು ನಾನೇ ಅಂದ್ಳು, ನಾನು ಬರುಸ್ಕೊಂಡೆ. ಈಗ ನೀವೇಳಿದ್ದು ನಿಜ ಅಂತ ನಾನು ಒಪ್ಕೊಂಡ್ರೆ ಏನಾಯ್ತದೆ ಗೊತ್ತಾ? ಅವಳ ಲೈಸೆನ್ಸಿನ ಪಿಸ್ತೂಲು ಇನ್ನೊಬ್ರ ಕೈಗೋಯ್ತು ಅಂತ ಮೇಲಕ್ಕೆ ಬರೀಬೇಕು ನಾನು. ಬರುದ್ರೆ ಅವಳ ಲೈಸೆನ್ಸು ಓಯ್ತದೆ, ನಿಮ್ಮ ಕೋವಿದೂ ಓಯ್ತದೆ. ದಡ್ಡತನಕ್ಕೆ ಒಂದು ವರ್ಷ ಹೊರಗೆ. ಇದಕ್ಕೆ ಜೀವಮಾನ ಹೊರಗೆ. ಆ ಮಗು ಎರಡನ್ನೂ ತೂಗಿ ನೋಡಿ ಬರ್ಕೊಟ್ಟದೆ.”

“ಅವಳಿಗೆ ಗೊತ್ತಿತ್ತಾ?” ಅವನು ಹಾಳೆಯ ಮೇಲೆ ಬೆರಳಿಟ್ಟು ಕೇಳಿದ.

“ವಾಸ್ನೆ ಗೊತ್ತಾಗಲ್ವಾ? ನಿಮ್ಮನೇಲಿ ಬೆಳ್ದೋಳಲ್ವಾ?”

“ಅಂಗಾರೆ ನಾನೇನ್ ಮಾಡ್ಲಿ? ಏನಾರ ಒಂದ್ ಏಳಿ, ನಿಮ್ ಕಾಲಿಗ್ ಬೀಳ್ತೀನಿ.”

“ಏನೂ ಮಾಡ್ಬೇಡಿ. ನೀವಿಲ್ಲಿಗೆ ಬಂದಿಲ್ಲ, ನಾನೇನೂ ಕೇಳಿಲ್ಲ. ಮುಂದಿನ ವರ್ಷ ಬರ್ಲಿ, ದೊಡ್ಡೋರ ಜೊತೆ ಮೊದ್ಲಿಂದ ಹೊಡೀಲಿ. ಅಲ್ಲಿ ಗಂಟ ಬಾಯಿ ಮುಚ್ಕೊಂಡಿರೋದೇ ನೀವು ಅವಳಿಗೆ ಮಾಡೋ ಉಪಕಾರ.”

ಎರಡು ವಾರ ಕೂಡಿಟ್ಟುಕೊಂಡ ಧೈರ್ಯ ಅವನ ಕೈಯಲ್ಲೇ ಉಳಿಯಿತು. ಯಾರಿಗೂ ಬೇಡದ ಧೈರ್ಯ. ಬೈಸಿಕೊಳ್ಳಲು ಬಂದವನಿಗೆ ಬೈಗುಳ ಸಿಗಲಿಲ್ಲ, ಶಿಕ್ಷೆ ಕೇಳಿದವನಿಗೆ ಶಿಕ್ಷೆಯೂ ಸಿಗಲಿಲ್ಲ. ಬಸ್ ಸ್ಟಾಂಡಿನವರೆಗೆ ಹೇಗೆ ನಡೆದನೋ ಗೊತ್ತಿಲ್ಲ. ಶಾಂಭವಿ ಅವನ ಮುಖ ನೋಡಿದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. “ಟೀ ಕುಡೀತೀಯಾ ಅಪ್ಪ?” ಎಂದಳು. ಅವನು ಬೇಡವೆಂದು ತಲೆಯಾಡಿಸಿದ.

ಕೋಟೆಯಲ್ಲಿ ಬಸ್ಸು ಬದಲಾಯಿಸಿ ಕೂತಾಗ ಅವರೂರಿನ ನಂಜಣ್ಣ ಸಂತೆಯ ಚೀಲ ಹೊತ್ತು ಹತ್ತಿದ. ಅವನ ತಂಗಿಯ ಮಗ ಅದೇ ಕ್ಲಬ್ಬಿನಲ್ಲಿ ಕಲಿಯುತ್ತಿದ್ದ. ಸುದ್ದಿ ಆಗಲೇ ಊರು ಸೇರಿತ್ತೆಂದು ನಂಜಣ್ಣ ಬಾಯಿ ತೆರೆದ ಕೂಡಲೇ ಗೊತ್ತಾಯಿತು.

“ಏನವ್ವ ಸಾಂಭವಿ, ಪಿಸ್ತೂಲಿಗೆ ಕೊಬ್ರಿ ಎಣ್ಣೆ ಹಾಕ್ ಬುಟ್ಟಂತೆ? ತಲೆಗೆ ಹಾಕೋದ್ನ ಪಿಸ್ತೂಲಿಗೆ ಹಾಕುದ್ರೆ ಆಯ್ತದಾ?” ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ನಂಜಣ್ಣ ನೀಲಕಂಠಸ್ವಾಮಿಯ ಕಡೆ ತಿರುಗಿದ. “ಅಲ್ಲಾ ಕಣ್ ಸ್ವಾಮಿ, ನಾಕು ಊರಿನ ಕೋವಿ ನೋಡ್ಕಳೋನು ನೀನು. ನಿನ್ ಮಗಳಿಗೆ ಒಂದ್ ಮಾತು ಏಳ್ಕೊಡ್ಬಾರ್ದಾಗಿತ್ತಾ?”

ನೀಲಕಂಠಸ್ವಾಮಿಗೆ, ನಾನು ಕಣಯ್ಯಾ, ನಾನು ಹಾಕಿದ್ದು ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕಿರುಚಬೇಕೆನ್ನಿಸಿತು. ತುಟಿ ತೆರೆಯಿತು. ಅಷ್ಟರಲ್ಲಿ ಶಾಂಭವಿ ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು, ನೋಯುವಷ್ಟು ಗಟ್ಟಿಯಾಗಿ.

“ಏಳ್ಕೊಟ್ಟಿದ್ರು ಕಣಣ್ಣ,” ಅಂದಳು ನಂಜಣ್ಣನಿಗೆ. “ನಮ್ಮಪ್ಪ ಎಲ್ಲಾ ಸರ್ಯಾಗೇ ಏಳ್ಕೊಟ್ಟಿದ್ರು. ನಾನೇ ಕಲೀಲಿಲ್ಲ.”

ನಂಜಣ್ಣ ಲೊಚಗುಟ್ಟಿ ಚೀಲವನ್ನು ಸೀಟಿನ ಕೆಳಗೆ ತಳ್ಳಿದ. ನೀಲಕಂಠಸ್ವಾಮಿ ಬಾಯಿ ಮುಚ್ಚಿದ. ಅಂತರಸಂತೆ ಬರುವವರೆಗೂ ಅವಳು ಅವನ ಕೈ ಬಿಡಲಿಲ್ಲ.